ದೊಡ್ಡಪ್ಪನ ದುಡ್ಡಿನಲ್ಲಿ ದೆವ್ವ



ಒಬ್ಬ ನಟನ ತಲೆ ಹಿಡಿದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಗುದ್ದಬೇಕು. ಬಾಗಿಲು ಒಡೆದು ತಲೆ ಒಳಗೆ ನುಗ್ಗಬೇಕು. ನೋಡುವವರು ಬೆಚ್ಚಿಬೀಳಬೇಕು. ಚಿತ್ರಕಥೆಯಲ್ಲಿ ಇದು ಒಂದೇ ಸಾಲು. ದೊಡ್ಡ ಕಂಪನಿಯ ಸಿನಿಮಾ ಆಗಿದ್ದರೆ ಮುಟ್ಟಿದರೆ ಮುರಿಯುವಂಥ ಬಾಗಿಲನ್ನು ಬಡಗಿ ಮಾಡಿಕೊಡುತ್ತಿದ್ದ, ಸಾಹಸ ನಿರ್ದೇಶಕ ಪಕ್ಕದಲ್ಲಿ ನಿಂತಿರುತ್ತಿದ್ದ. ಇಲ್ಲಿರುವುದು ನಿಜವಾದ ಕಪಾಟು, ನಿಜವಾದ ತಲೆ. ಗುದ್ದುತ್ತಾರೆ. ಬಾಗಿಲು ಜಪ್ಪಯ್ಯ ಅಂದರೂ ಒಡೆಯುವುದಿಲ್ಲ. ನಟ ತಲೆ ಹಿಡಿದುಕೊಳ್ಳುತ್ತಾನೆ. ನಿರ್ದೇಶಕ ಸಮಾಧಾನ ಹೇಳಿ ಮತ್ತೆ ಗುದ್ದುತ್ತಾನೆ. ಪಕ್ಕದಲ್ಲಿ ಇನ್ನೊಂದು ಕ್ಯಾಮೆರಾ ಇದನ್ನೆಲ್ಲ ಸುಮ್ಮನೆ ನೋಡುತ್ತಿದೆ.

ನಾನು ಇವತ್ತು ಮಾತಾಡಬೇಕೆಂದಿರುವುದು ಆ ಇನ್ನೊಂದು ಕ್ಯಾಮೆರಾದ ಬಗ್ಗೆ. ಅಗ್ಗದ ಭಯಾನಕ ಚಿತ್ರಗಳು, ಕೆಟ್ಟ ಚಿತ್ರಗಳೆಂದೇ ಹೆಸರಾದ ಚಿತ್ರಗಳು, ಹೇಗೋ ಏನೋ ಒಂದು ಭಕ್ತವೃಂದವನ್ನು ಕಟ್ಟಿಕೊಂಡ ಚಿತ್ರಗಳು, ಇವನ್ನು ಮಾಡಿದವರ ಕುರಿತ ಸಾಕ್ಷ್ಯಚಿತ್ರಗಳ ಬಗ್ಗೆ. ದೆವ್ವದ ಸಿನಿಮಾಕ್ಕಿಂತ ಅದನ್ನು ಮಾಡಿದ ಕಥೆಯೇ ಎಷ್ಟೋ ಸಲ ಹೆಚ್ಚು ಹೆದರಿಸುತ್ತದೆ. ಅಲ್ಲಿ ಬೆನ್ನು ಹತ್ತಿರುವುದು ಪ್ರೇತವಲ್ಲ, ಸಾಲ.

ಕಪಾಟಿನ ದೃಶ್ಯ ಬರುವುದು 'ಅಮೆರಿಕನ್ ಮೂವಿ' ಎಂಬ ಸಾಕ್ಷ್ಯಚಿತ್ರದಲ್ಲಿ. ಕ್ರಿಸ್ ಸ್ಮಿತ್ ನಿರ್ದೇಶಿಸಿದ, ಸಾರಾ ಪ್ರೈಸ್ ನಿರ್ಮಾಣದಲ್ಲಿ ಜೊತೆಯಾದ ಈ ಚಿತ್ರಕ್ಕೆ 1999ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರ ವಿಭಾಗದ ಅತ್ಯುನ್ನತ ಪ್ರಶಸ್ತಿ ಬಂತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮಿಲ್ವಾಕಿ ನಗರದ ಹತ್ತಿರ ಮೆನೊಮನಿ ಫಾಲ್ಸ್ ಎಂಬ ಊರಿದೆ. ಅಲ್ಲಿಯ ಮಾರ್ಕ್ ಬೋರ್ಚಾರ್ಟ್ ಎಂಬ ಮೂವತ್ತರ ಆಸುಪಾಸಿನ ಗೃಹಸ್ಥ ಇದರ ನಾಯಕ. ಬೆಳಗಾಗುವ ಮೊದಲು ಪತ್ರಿಕೆ ಹಂಚುತ್ತಾನೆ. ಸ್ಮಶಾನವೊಂದರಲ್ಲಿ ಕಸ ಗುಡಿಸುವ ಕೆಲಸವೂ ಇದೆ. ಮಕ್ಕಳಿದ್ದಾರೆ, ಮಗ್ಗುಲಲ್ಲಿ ಸಾಲವಿದೆ, ತಲೆಯಲ್ಲಿ 'ನಾರ್ತ್‌ವೆಸ್ಟರ್ನ್' ಎಂಬ ದೊಡ್ಡ ಚಿತ್ರವಿದೆ. ಅದಕ್ಕೆ ದುಡ್ಡು ಹುಟ್ಟುವುದಿಲ್ಲ. ಹಾಗಾಗಿ ಅದನ್ನು ಬದಿಗಿಟ್ಟು, ಅರ್ಧಕ್ಕೆ ನಿಂತಿದ್ದ 'ಕೋವನ್' ಎಂಬ ಪುಟ್ಟ ಭಯಾನಕ ಚಿತ್ರವನ್ನು ಮುಗಿಸಲು ಹೊರಡುತ್ತಾನೆ. ಕಪ್ಪು ಬಿಳುಪು, 16 ಎಂಎಂ ಫಿಲ್ಮು. ಇದನ್ನು ವಿಡಿಯೋ ಕ್ಯಾಸೆಟ್ ಮಾಡಿ 3,000 ಪ್ರತಿ ಮಾರಿದರೆ ಬರುವ ದುಡ್ಡಿನಲ್ಲಿ ದೊಡ್ಡ ಚಿತ್ರ ಮಾಡಬಹುದು ಎಂಬುದು ಅವನ ಲೆಕ್ಕ. ಬಾಯಲ್ಲಿ ಹೇಳುವಾಗ ಎಲ್ಲ ಲೆಕ್ಕವೂ ಸರಿಯಾಗಿಯೇ ಇರುತ್ತದೆ.

ಒಂದು ದೃಶ್ಯದಲ್ಲಿ ಅವನು ಅಂಚೆಯಲ್ಲಿ ಬಂದ ಲಕೋಟೆಗಳನ್ನು ಒಂದೊಂದಾಗಿ ಒಡೆಯುತ್ತಾನೆ. ಎಲ್ಲ ಬಾಕಿ ಕಟ್ಟಿ ಎನ್ನುವ ನೋಟೀಸುಗಳೇ. ನಡುವೆ ಒಂದು ಲಕೋಟೆಯಿಂದ ಹೊಸ ಕ್ರೆಡಿಟ್ ಕಾರ್ಡ್ ಮಂಜೂರಾದ ಸುದ್ದಿ ಹೊರಬೀಳುತ್ತದೆ. ಮುಖ ಅರಳುತ್ತದೆ ನೋಡಿ! ಹಳೇ ಸಾಲ ತೀರಿಸಲಾಗದವನಿಗೆ ಹೊಸ ಸಾಲ ಸಿಕ್ಕ ಆ ಸಂಭ್ರಮ ಅಮೆರಿಕದ್ದು ಮಾತ್ರವಲ್ಲ. ಮನೆ ಪತ್ರ ಅಡವಿಟ್ಟು ಸಿನಿಮಾ ತೆಗೆದವರ ಕಥೆಗಳನ್ನು ಕೇಳಿ ಬೆಳೆದ ನಮಗೆ ಆ ಮುಖ ಪರಿಚಿತವೇ.

ನಿರ್ಮಾಪಕ ಯಾರು ಗೊತ್ತೆ? ಎಂಬತ್ತು ದಾಟಿದ ಬಿಲ್ ದೊಡ್ಡಪ್ಪ. ಗಾಡಿಮನೆಯೊಂದರಲ್ಲಿ ಒಬ್ಬನೇ ಇದ್ದಾನೆ. ಬ್ಯಾಂಕಿನಲ್ಲಿ ಒಂದಿಷ್ಟು ಉಳಿತಾಯವಿದೆ, ಬಾಯಲ್ಲಿ ಹಲ್ಲು ಕಡಿಮೆ, ಮಾತಿನಲ್ಲಿ ಉತ್ಸಾಹ ಅದಕ್ಕಿಂತ ಕಡಿಮೆ. ಮಾರ್ಕ್ ಅವನಿಂದ 3,000 ಡಾಲರ್ ಪಡೆಯುತ್ತಾನೆ. ಈ ಸಿನಿಮಾದಿಂದ ಏನೂ ಗಿಟ್ಟುವುದಿಲ್ಲ ಎಂದು ಮುದುಕನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಚೆಕ್ ಬರೆಯುತ್ತಾನೆ. ಅದೇ ಮಾರ್ಕ್ ಇನ್ನೊಂದು ದೃಶ್ಯದಲ್ಲಿ ಆ ದೊಡ್ಡಪ್ಪನಿಗೆ ಸ್ನಾನ ಮಾಡಿಸುತ್ತಾನೆ, ಮೈ ಉಜ್ಜುತ್ತಾನೆ. ಹಾಗಾದರೆ ಇವನು ಮುದುಕನನ್ನು ಸುಲಿಯುತ್ತಿದ್ದಾನೋ, ಸಾಕುತ್ತಿದ್ದಾನೋ? ಎರಡೂ ನಿಜ. ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಿಕೊಂಡಿರುವುದೇ ಕ್ರಿಸ್ ಸ್ಮಿತ್‌ನ ದೊಡ್ಡತನ ಎಂದು ನನಗನ್ನಿಸುತ್ತದೆ. ಬೇರೆಯವನಾಗಿದ್ದರೆ ಒಂದನ್ನು ಕತ್ತರಿಸಿ ಎಸೆಯುತ್ತಿದ್ದ.

ರೇಡಿಯೋ ಕೇಳುವ ನಿಮಗೆ ನಾನು ಹೇಳಲೇಬೇಕಾದ ದೃಶ್ಯ ಇನ್ನೊಂದಿದೆ. ಭಯ ಎನ್ನುವುದು ಅರ್ಧಕ್ಕರ್ಧ ಕಿವಿಯ ವ್ಯವಹಾರ. ಬಾಗಿಲು ಕಿರುಗುಟ್ಟಬೇಕು, ಒಣ ಎಲೆ ಮುರಿಯಬೇಕು, ಯಾರೋ ಉಸಿರೆಳೆದಂತಾಗಬೇಕು. ಮೂರು ಕಾಸಿನ ಚಿತ್ರಗಳು ಎಡವಿಬೀಳುವುದು ಚಿತ್ರದಲ್ಲಲ್ಲ, ಸದ್ದಿನಲ್ಲಿ. ಚಿತ್ರ ಸ್ವಲ್ಪ ಕಪ್ಪಾಗಿದ್ದರೆ ಕತ್ತಲೆ ಎಂದುಕೊಳ್ಳಬಹುದು. ಮಾತು ಕೇಳಿಸದಿದ್ದರೆ ಏನೆಂದುಕೊಳ್ಳುವುದು? ಮಾರ್ಕ್ ಬಿಲ್ ದೊಡ್ಡಪ್ಪನಿಗೆ ಚಿತ್ರದಲ್ಲಿ ಒಂದು ಪುಟ್ಟ ಪಾತ್ರ ಕೊಟ್ಟಿದ್ದಾನೆ. ಬದುಕಿನಲ್ಲಿ ಇನ್ನೂ ಭರವಸೆಯಿದೆ ಎಂಬ ಅರ್ಥದ ಒಂದೇ ಒಂದು ಮಾತು. ಅದನ್ನು ಡಬ್ಬಿಂಗ್ ಮಾಡಿಸಬೇಕು. ಮುದುಕ ಮೈಕಿನ ಮುಂದೆ ಹೇಳುತ್ತಾನೆ. ಒಮ್ಮೆ ಒಂದು ಪದ ಬಿಟ್ಟುಹೋಗುತ್ತದೆ, ಒಮ್ಮೆ ಪದ ಹಿಂದುಮುಂದಾಗುತ್ತದೆ, ಒಮ್ಮೆ ಎಲ್ಲ ಸರಿಯಿದ್ದು ದನಿಯಲ್ಲಿ ಜೀವ ಇರುವುದಿಲ್ಲ. ಟೇಕ್ ಮೂವತ್ತನ್ನೂ ದಾಟುತ್ತದೆ. ಭರವಸೆಯ ಮಾತನ್ನು ಅಷ್ಟು ಸಲ, ಅಷ್ಟು ನಿರ್ಭಾವವಾಗಿ, ಸಾವಿಗೆ ಹತ್ತಿರವಿದ್ದ ಒಬ್ಬ ಮುದುಕ ಹೇಳುವುದನ್ನು ಕೇಳುತ್ತ ಕೂತರೆ ಮೊದಲು ನಗು ಬರುತ್ತದೆ, ಆಮೇಲೆ ಇನ್ನೇನೋ ಬರುತ್ತದೆ. ಬಿಲ್ 1997ರಲ್ಲಿ ತೀರಿಕೊಂಡ. ಮಾರ್ಕ್ ತನ್ನ ದೊಡ್ಡ ಚಿತ್ರ ಮುಗಿಸಲಿ ಎಂದು 50,000 ಡಾಲರ್ ಬಿಟ್ಟುಹೋಗಿದ್ದ ಎಂದು ಸಾಕ್ಷ್ಯಚಿತ್ರದ ಕೊನೆಯಲ್ಲಿ ತಿಳಿಯುತ್ತದೆ. 'ಕೋವನ್' ಮುಗಿಯಿತು. 'ನಾರ್ತ್‌ವೆಸ್ಟರ್ನ್' ಡಬ್ಬಕ್ಕೆ ಹೋಗುವಷ್ಟೂ ಮುಂದುವರಿಯಲಿಲ್ಲ.

ಅಂದಹಾಗೆ, ಮಾರ್ಕ್‌ನ ತಾಂತ್ರಿಕ ವರ್ಗ ಎಂದರೆ ಮನೆಯವರು, ಗೆಳೆಯರು. ಒಂದು ಘಟ್ಟದಲ್ಲಿ ಕ್ಯಾಮೆರಾ ಹಿಡಿಯುವವರಿಲ್ಲದೆ ತಾಯಿಯೇ ಹಿಡಿಯಬೇಕಾಗುತ್ತದೆ. ಆಕೆಗೆ ಮನೆಯ ಸಾಮಾನು ತರಲು ಅಂಗಡಿಗೆ ಹೋಗುವುದಿದೆ, ತಡವಾಗುತ್ತಿದೆ. ಆದರೂ ನಿಲ್ಲುತ್ತಾಳೆ. ಗೆಳೆಯ ಮೈಕ್ ಶಾಂಕ್ ಲಾಟರಿ ಟಿಕೆಟ್ ಗೀರುತ್ತ, ಗಿಟಾರ್ ನುಡಿಸುತ್ತ ಉದ್ದಕ್ಕೂ ಜೊತೆಗಿರುತ್ತಾನೆ. ಸಾಕ್ಷ್ಯಚಿತ್ರದಲ್ಲಿ ಕೇಳುವ ಗಿಟಾರ್ ಅವನದೇ. 2022ರಲ್ಲಿ ಅವನು ತೀರಿಕೊಂಡಾಗ ಜಗತ್ತಿನ ಎಲ್ಲೆಲ್ಲಿಂದಲೋ ಜನ ಮರುಗಿದರು. ಅವನು ಯಾವ ಸಿನಿಮಾದ ತಾರೆಯೂ ಆಗಿರಲಿಲ್ಲ.

ಈಗ ಅದೇ 1999ರ ಸನ್‌ಡ್ಯಾನ್ಸ್‌ಗೆ ಮರಳೋಣ. ಅದೇ ಉತ್ಸವದಲ್ಲಿ ಇನ್ನೊಂದು ಚಿತ್ರ ಮೊದಲ ಸಲ ಪ್ರದರ್ಶನ ಕಂಡಿತು: 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್'. ಕಾಡಿಗೆ ಹೋದ ಮೂವರು ವಿದ್ಯಾರ್ಥಿಗಳು ಕಾಣೆಯಾದರು, ಅವರ ಕ್ಯಾಮೆರಾದಲ್ಲಿ ಉಳಿದದ್ದು ಇದು ಎಂಬ ಕಥೆ. ಮೇರಿಲ್ಯಾಂಡಿನ ಕಾಡಿನಲ್ಲಿ ಎಂಟು ದಿನದಲ್ಲಿ ಚಿತ್ರೀಕರಣ ಮುಗಿಸಿದ್ದರು. ನಟರೇ ಕ್ಯಾಮೆರಾ ಹಿಡಿದರು, ಪಾತ್ರಗಳಿಗೆ ತಮ್ಮ ಸ್ವಂತ ಹೆಸರನ್ನೇ ಕೊಟ್ಟರು. ಬಿಡುಗಡೆಗೆ ಮೊದಲು ಅವರು ನಿಜವಾಗಿಯೂ ಕಾಣೆಯಾಗಿದ್ದಾರೆ ಎನ್ನುವ ಪೋಸ್ಟರ್ ಹಂಚಿದರು. ಆ ಮಾಟಗಾತಿಯ ಇತಿಹಾಸ ಹೇಳುವ ಸುಳ್ಳು ಸಾಕ್ಷ್ಯಚಿತ್ರವೊಂದು ಟಿವಿಯಲ್ಲೂ ಬಂತು. ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು 24 ಕೋಟಿ ಡಾಲರಿಗೂ ಹೆಚ್ಚು. ಭಯಾನಕ ಚಿತ್ರ ಮಾಡುವವನ ಬಗ್ಗೆ ನಿಜವಾದ ಸಾಕ್ಷ್ಯಚಿತ್ರ ಒಂದು ಕಡೆ, ಸಾಕ್ಷ್ಯಚಿತ್ರದ ವೇಷ ಹಾಕಿದ ಭಯಾನಕ ಚಿತ್ರ ಇನ್ನೊಂದು ಕಡೆ. ಒಂದೇ ಊರು, ಒಂದೇ ವಾರ. ದುಡ್ಡು ಯಾವುದರ ಕಡೆ ಹೋಯಿತು ಎಂದು ಬೇರೆ ಹೇಳಬೇಕಿಲ್ಲ. ಆದರೆ ಆ ದುಡ್ಡು ಕಾಡಿನಲ್ಲಿ ಚಳಿ, ಹಸಿವು ತಾಳಿಕೊಂಡ ಮೂವರು ನಟರ ಕಡೆಗೆ ಹೆಚ್ಚೇನೂ ಹೋಗಲಿಲ್ಲ. ಇಪ್ಪತ್ತೈದು ವರ್ಷದ ಮೇಲೆ, 2024ರಲ್ಲಿ, ತಮಗೆ ನ್ಯಾಯವಾದ ಪಾಲು ಕೊಡಿ ಎಂದು ಅವರು ಬಹಿರಂಗವಾಗಿ ಕೇಳಬೇಕಾಯಿತು.

ಇನ್ನು ನಗುವಿನ ಪ್ರಶ್ನೆ. ಈ ಬಗೆಯ ಸಾಕ್ಷ್ಯಚಿತ್ರಗಳಲ್ಲಿ ಅದು ತಪ್ಪಿಸಿಕೊಳ್ಳಲಾಗದ ಪ್ರಶ್ನೆ. ಭಯಾನಕ ರಸ ಕೆಟ್ಟರೆ ಹಾಸ್ಯವಾಗುತ್ತದೆ ಎಂಬುದು ಟೆಂಟ್ ಸಿನಿಮಾದ ನೆಲದಲ್ಲಿ ಕೂತು ನೋಡಿದವರಿಗೆಲ್ಲ ಗೊತ್ತು. ದೆವ್ವದ ವಿಗ್ ಜಾರಿದಾಗ ಎದ್ದ ನಗು ಆ ದೆವ್ವಕ್ಕೇನೂ ನೋವು ಮಾಡುವುದಿಲ್ಲ. ವಿಗ್ ಹಾಕಿಕೊಂಡವನಿಗೆ ಮಾಡಬಹುದು.

'ಟ್ರೋಲ್ 2' ಎಂಬ ಚಿತ್ರವಿದೆ. 1990ರದ್ದು. ಅದರಲ್ಲಿ ಟ್ರೋಲ್ ಎಂಬ ಪ್ರಾಣಿಯೇ ಇಲ್ಲ, ಇರುವುದು ಗಾಬ್ಲಿನ್‌ಗಳು. ಗೋಣಿಚೀಲದಂಥ ಉಡುಪು, ರಬ್ಬರ್ ಮುಖವಾಡ. ಆ ಗಾಬ್ಲಿನ್‌ಗಳು ಶುದ್ಧ ಸಸ್ಯಾಹಾರಿಗಳು. ಮನುಷ್ಯರನ್ನು ಮೊದಲು ಸೊಪ್ಪುಸದೆಯಾಗಿ ಮಾರ್ಪಡಿಸಿ ಆಮೇಲೆ ತಿನ್ನುತ್ತವೆ. ಕಥೆ ಬರೆದ ರೊಸೆಲ್ಲಾ ಡ್ರುಡಿಗೆ ತನ್ನ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಮಾಂಸ ಬಿಟ್ಟದ್ದು ಕಿರಿಕಿರಿಯಾಗಿತ್ತಂತೆ, ಅದರ ಫಲ ಇದು. ಆಕೆಯ ಗಂಡ ಕ್ಲಾಡಿಯೋ ಫ್ರಗಾಸ್ಸೊ ನಿರ್ದೇಶಕ. ಚಿತ್ರೀಕರಣ ನಡೆದದ್ದು 1989ರ ಬೇಸಿಗೆಯಲ್ಲಿ, ಅಮೆರಿಕದ ಯೂಟಾದಲ್ಲಿ. ತಂಡ ಇಟಲಿಯದ್ದು, ಇಂಗ್ಲಿಷ್ ಅಷ್ಟಕ್ಕಷ್ಟೆ. ನಟರು ಸ್ಥಳೀಯರು, ಹೆಚ್ಚಿನವರು ಕ್ಯಾಮೆರಾ ಮುಂದೆ ಹೊಸಬರು. ಈ ಸಂಭಾಷಣೆ ನಮ್ಮ ಬಾಯಲ್ಲಿ ಹೊರಳುವುದಿಲ್ಲ, ಸ್ವಲ್ಪ ತಿದ್ದಿಕೊಳ್ಳುತ್ತೇವೆ ಎಂದು ನಟರು ಬೇಡಿಕೊಂಡರೂ ಬರೆದಂತೆಯೇ ಹೇಳಬೇಕೆಂದು ಫ್ರಗಾಸ್ಸೊ ಹಟ ಹಿಡಿದ. ಚಿತ್ರ ಹೇಗೆ ಬಂದಿರಬಹುದು, ನೀವೇ ಊಹಿಸಿ.

ವರ್ಷಗಳು ಕಳೆದ ಮೇಲೆ ಇದೇ ಚಿತ್ರ ಅತ್ಯಂತ ಕೆಟ್ಟ ಚಿತ್ರವೆಂಬ ಕೀರ್ತಿಯಿಂದ ಮಧ್ಯರಾತ್ರಿಯ ಪ್ರದರ್ಶನಗಳಲ್ಲಿ ತುಂಬಿ ತುಳುಕತೊಡಗಿತು. ಅದರಲ್ಲಿ ಬಾಲನಟನಾಗಿದ್ದ ಮೈಕೆಲ್ ಸ್ಟೀಫನ್ಸನ್ ಬೆಳೆದು ದೊಡ್ಡವನಾಗಿ, ಆ ಅವಮಾನದ ಮೂಲವನ್ನೇ ಹುಡುಕಿ ಹೊರಟು, 2009ರಲ್ಲಿ 'ಬೆಸ್ಟ್ ವರ್ಸ್ಟ್ ಮೂವಿ' ಎಂಬ ಸಾಕ್ಷ್ಯಚಿತ್ರ ಮಾಡಿದ. ಅದರ ನಾಯಕ ಜಾರ್ಜ್ ಹಾರ್ಡಿ, 'ಟ್ರೋಲ್ 2'ರಲ್ಲಿ ಅಪ್ಪನ ಪಾತ್ರ ಮಾಡಿದವನು. ವೃತ್ತಿಯಲ್ಲಿ ದಂತವೈದ್ಯ, ಅಲಬಾಮಾದ ಪುಟ್ಟ ಊರಿನಲ್ಲಿ ಎಲ್ಲರಿಗೂ ಬೇಕಾದವನು. ಪ್ರದರ್ಶನಕ್ಕೆ ಹೋದಲ್ಲೆಲ್ಲ ಜನ ಕುಣಿಯುತ್ತಾರೆ, ತನ್ನ ಸಂಭಾಷಣೆ ತಾನೇ ಹೇಳಿ ಅವನೂ ಕುಣಿಯುತ್ತಾನೆ. ಚಪ್ಪಾಳೆಯ ರುಚಿ ಹತ್ತುತ್ತದೆ. ಆಮೇಲೊಂದು ದಿನ ಭಯಾನಕ ಚಿತ್ರಾಭಿಮಾನಿಗಳ ಮೇಳವೊಂದರಲ್ಲಿ ಮೇಜು ಹಾಕಿಕೊಂಡು ಕೂತರೆ ಯಾರೂ ಗುರುತಿಸುವುದಿಲ್ಲ. ನಗುತ್ತಲೇ ಇದ್ದ ಮುಖದಲ್ಲಿ ಸಣ್ಣ ಸಿಡುಕು ಕಾಣಿಸಿಕೊಳ್ಳುತ್ತದೆ. ತಾರೆಯಾಗುವುದು, ಇಳಿಯುವುದು ಎಲ್ಲ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ.

ನನಗೆ ಮರೆಯಲಾಗದ್ದು ಫ್ರಗಾಸ್ಸೊ. ಅವನನ್ನು ಇಟಲಿಯಿಂದ ಕರೆಸುತ್ತಾರೆ. ಚಿತ್ರಮಂದಿರದ ಹೊರಗೆ ಉದ್ದ ಸಾಲು ಕಂಡು ಅವನಿಗೆ ಹಿಗ್ಗು. ಒಳಗೆ ಹೋದರೆ ತಾನು ನಗಿಸಲೆಂದು ಬರೆಯದ ಜಾಗಗಳಲ್ಲೂ ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ವೇದಿಕೆಯ ಮೇಲೆ ನಟರು ಆ ದಿನಗಳ ಅವಾಂತರಗಳನ್ನು ಹೇಳಿ ನಗಿಸುವಾಗ ಅವನಿಗೆ ತಡೆಯಲಾಗುವುದಿಲ್ಲ, ರೇಗುತ್ತಾನೆ. ಅವನು ಮಾಡಿದ್ದು ಕೆಟ್ಟ ಸಿನಿಮಾ ಇರಬಹುದು. ಆದರೆ ತಮಾಷೆಗಾಗಿ ಮಾಡಿದ್ದಲ್ಲ. ಸ್ಟೀಫನ್ಸನ್ ಇದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಆ ನಗುವಿನ ಪೆಟ್ಟು ತಿಂದವರಲ್ಲಿ ಅವನೂ ಒಬ್ಬ. ಕ್ರಿಸ್ ಸ್ಮಿತ್ ಹೊರಗಿನವನು, ಆದರೆ ಎರಡು ವರ್ಷ ಜೊತೆಗಿದ್ದ. ನಗುವ ಹಕ್ಕು ಬರುವುದು ಹೀಗೆ, ಒಳಗಿನವನಾಗಿರಬೇಕು, ಇಲ್ಲವೇ ಸಾಕಷ್ಟು ಕಾಲ ಬಾಗಿಲಲ್ಲಿ ನಿಂತಿರಬೇಕು.

ಹಾಗಿಲ್ಲದ ಸಾಕ್ಷ್ಯಚಿತ್ರಗಳೂ ಬೇಕಾದಷ್ಟಿವೆ. ಹಳೇ ಚಿತ್ರದ ತುಣುಕು, ಅದರ ಬೆನ್ನಿಗೆ ಕುರ್ಚಿಯಲ್ಲಿ ಕೂತ ಪ್ರಸಿದ್ಧರೊಬ್ಬರ ಚಟಾಕಿ, ಮತ್ತೆ ತುಣುಕು, ಮತ್ತೆ ಚಟಾಕಿ. ಆಸ್ಟ್ರೇಲಿಯಾದ ಮಾರ್ಕ್ ಹಾರ್ಟ್ಲಿ ಈ ಶೈಲಿಯ ಉಸ್ತಾದ. ಅವನ ಚಿತ್ರಗಳು ನೋಡಿಸಿಕೊಂಡು ಹೋಗುತ್ತವೆ, ಮರುದಿನ ಏನೂ ನೆನಪಿರುವುದಿಲ್ಲ. ಕ್ಯಾನನ್ ಫಿಲ್ಮ್ಸ್ ಎಂಬ ಅಗ್ಗದ ಚಿತ್ರಗಳ ಕಾರ್ಖಾನೆಯ ಬಗ್ಗೆ ಅವನು 2014ರಲ್ಲಿ 'ಎಲೆಕ್ಟ್ರಿಕ್ ಬೂಗಲೂ' ಎಂಬ ಚಿತ್ರ ಮಾಡಿದ. ಕಂಪನಿಯ ಒಡೆಯರಾಗಿದ್ದ ಮೆನಾಹೆಮ್ ಗೋಲನ್, ಯೋರಮ್ ಗ್ಲೋಬಸ್ ಅದರಲ್ಲಿ ಮಾತಾಡಲು ಒಪ್ಪದೆ ಬೇರೊಂದು ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಂಡರು. ಅದು ಇವನ ಚಿತ್ರಕ್ಕಿಂತ ಮೊದಲೇ ಕಾನ್ ಉತ್ಸವದಲ್ಲಿ ತೆರೆಕಂಡಿತು. ಇಡೀ ಆಯುಷ್ಯ ಅವಸರದ ಚಿತ್ರ ಮಾಡಿದವರಿಂದ ಇನ್ನೇನು ನಿರೀಕ್ಷಿಸಲು ಸಾಧ್ಯ?

ಕೆಲಸ ಕಲಿಯಬೇಕೆನ್ನುವವರು ನೋಡಬೇಕಾದದ್ದು ರಾಯ್ ಫ್ರಮ್ಕ್ಸ್ ಮಾಡಿದ 'ಡಾಕ್ಯುಮೆಂಟ್ ಆಫ್ ದಿ ಡೆಡ್'. ನಿರ್ದೇಶಕ ಜಾರ್ಜ್ ರೊಮೆರೊ ಪಿಟ್ಸ್‌ಬರ್ಗ್ ಬಳಿಯ ಮನ್ರೋವಿಲ್ ಮಾಲಿನಲ್ಲಿ 'ಡಾನ್ ಆಫ್ ದಿ ಡೆಡ್' ಎಂಬ ಭಯಾನಕ ಚಿತ್ರ ತೆಗೆಯುತ್ತಿದ್ದಾಗ ಫ್ರಮ್ಕ್ಸ್ ಜೊತೆಗಿದ್ದ. ಹಗಲು ಮಾಲಿನಲ್ಲಿ ವ್ಯಾಪಾರ. ರಾತ್ರಿ ಅಂಗಡಿಗಳು ಮುಚ್ಚಿದ ಮೇಲೆ ಚಿತ್ರೀಕರಣ, ಬೆಳಗ್ಗೆ ಗಿರಾಕಿಗಳು ಬರುವ ಮೊದಲು ನಕಲಿ ರಕ್ತ ಒರೆಸಿ ಜಾಗ ಖಾಲಿ ಮಾಡಬೇಕು. ಕ್ರಿಸ್‌ಮಸ್ ಬಂದಾಗ ಕೆಲಸವನ್ನೇ ನಿಲ್ಲಿಸಿದರು. ಮಾಲಿನ ತುಂಬ ಅಲಂಕಾರ, ಪ್ರತಿರಾತ್ರಿ ಅದನ್ನು ಬಿಚ್ಚಿ ಪ್ರತಿ ಬೆಳಗ್ಗೆ ಮತ್ತೆ ಕಟ್ಟುವವರು ಯಾರು? ಇದೇ ರೊಮೆರೊ ಹತ್ತು ವರ್ಷ ಮೊದಲು, 1968ರಲ್ಲಿ, 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮಾಡಿದ್ದ. ಹತ್ತು ಜನ ತಲಾ 600 ಡಾಲರ್ ಹಾಕಿ ಶುರುಮಾಡಿದ ಚಿತ್ರ, ಒಟ್ಟು ವೆಚ್ಚ 1,14,000 ಡಾಲರ್. ಕಪ್ಪು ಬಿಳುಪಾದ್ದರಿಂದ ಚಾಕೊಲೇಟ್ ಪಾಕವೇ ರಕ್ತವಾಯಿತು. ಕೊನೆಗೆ ಚಿತ್ರದ ಹೆಸರು ಬದಲಿಸುವ ಭರದಲ್ಲಿ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಅಷ್ಟು ಸಾಕಿತ್ತು, ಚಿತ್ರ ಸಾರ್ವಜನಿಕರ ಸ್ವತ್ತಾಯಿತು. ಯಾರು ಬೇಕಾದರೂ ಪ್ರತಿ ಮಾಡಿ ಮಾರಿದರು, ತೋರಿಸಿದರು, ಗಳಿಸಿದರು. ಮಾಡಿದವರಿಗೆ ಸಿಕ್ಕಿದ್ದು ಹೆಸರು. ರೊಮೆರೊ ಇದನ್ನೆಲ್ಲ ನಗುತ್ತ ಹೇಳಿಕೊಳ್ಳುವುದನ್ನು 'ಬರ್ತ್ ಆಫ್ ದಿ ಲಿವಿಂಗ್ ಡೆಡ್' ಎಂಬ 2013ರ ಸಾಕ್ಷ್ಯಚಿತ್ರದಲ್ಲಿ ಕೇಳಬಹುದು.

ನಮ್ಮ ದೇಶದ ಮಾತಿಗೆ ಬರುತ್ತೇನೆ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೇಗಾಂವ್ ವಿದ್ಯುತ್ ಮಗ್ಗಗಳ ಊರು. ಹಗಲೂ ರಾತ್ರಿ ಮಗ್ಗದ ಸದ್ದು, ಶುಕ್ರವಾರ ಮಾತ್ರ ರಜೆ, ರಜೆಯ ದಿನ ಸಿನಿಮಾ. ಅಲ್ಲಿ ವಿಡಿಯೋ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ ಸುಮಾರು 50,000 ರೂಪಾಯಿಯಲ್ಲಿ ತನ್ನೂರಿನದೇ 'ಶೋಲೆ'ಯನ್ನು ಮಾಡಿದವನು. ಕ್ರೇನ್ ಇಲ್ಲವೆ, ಎತ್ತಿನ ಗಾಡಿಯ ಮೂಕಿ ಎತ್ತಿದರೆ ಅದೇ ಕ್ರೇನ್. ಟ್ರಾಲಿ ಇಲ್ಲವೆ, ಸೈಕಲ್ ಇದೆ. ಮುಂದೆ ಅವನು ಸೂಪರ್‌ಮ್ಯಾನ್ ಚಿತ್ರಕ್ಕೆ ಕೈಹಾಕಿದ್ದನ್ನು ಫೈಜಾ ಅಹ್ಮದ್ ಖಾನ್ 'ಸೂಪರ್‌ಮೆನ್ ಆಫ್ ಮಾಲೇಗಾಂವ್' ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ. ಅಲ್ಲಿ ದೆವ್ವವಿಲ್ಲ, ಆದರೆ ನಾನು ಹೇಳುತ್ತಿರುವ ಕಸುಬು ಅದೇ. ಹಾರುವ ಸೂಪರ್‌ಮ್ಯಾನ್ ಆದವನು ಶಫೀಕ್ ಎಂಬ ಮಗ್ಗದ ಕೂಲಿ, ಊದಿದರೆ ಹಾರಿಹೋಗುವಷ್ಟು ಬಡಕಲು. ಹಸಿರು ಬಟ್ಟೆ ಕಟ್ಟಿ ಅವನನ್ನು ಮಲಗಿಸಿ ಹಾರಿಸುತ್ತಾರೆ. ನಡುವೆ ಕ್ಯಾಮೆರಾ ನೀರಿಗೆ ಬೀಳುತ್ತದೆ, ರಿಪೇರಿಗೆ ಓಡುತ್ತಾರೆ. ನಡುವೆ ಶಫೀಕನ ಮದುವೆಯೂ ಆಗಿಹೋಗುತ್ತದೆ. ಈ ಸಾಕ್ಷ್ಯಚಿತ್ರ ಭಾರತದ ಚಿತ್ರಮಂದಿರಗಳಿಗೆ ಬಂದದ್ದು 2012ರಲ್ಲಿ. ಅಷ್ಟರಲ್ಲಿ ಶಫೀಕ್ ಕ್ಯಾನ್ಸರಿನಿಂದ ತೀರಿಕೊಂಡಿದ್ದ. 2024ರಲ್ಲಿ ಇದೇ ಕಥೆ ದೊಡ್ಡ ನಿರ್ಮಾಣದ ಹಿಂದಿ ಚಿತ್ರವಾಗಿಯೂ ಬಂತು. ಚೆನ್ನಾಗಿಯೇ ಇದೆ. ಆದರೆ ಎತ್ತಿನ ಗಾಡಿಯ ಶಾಟ್ ಅನ್ನು ನಿಜವಾದ ಕ್ರೇನಿನಲ್ಲಿ ತೆಗೆಯುವುದನ್ನು ನೋಡುವಾಗ ನನ್ನ ಮನಸ್ಸು ಹಳೆಯದನ್ನೇ ಹುಡುಕುತ್ತದೆ.

ಮುಂಬಯಿಯ ರಾಮ್ಸೆ ಸಹೋದರರ ಬಗ್ಗೆ ಹೇಳದಿದ್ದರೆ ನೀವು ಸುಮ್ಮನಿರುವುದಿಲ್ಲ. ಏಳು ಜನ ಅಣ್ಣತಮ್ಮಂದಿರು, ಒಬ್ಬ ಕಥೆ, ಒಬ್ಬ ಕ್ಯಾಮೆರಾ, ಒಬ್ಬ ಸೌಂಡು, ಒಬ್ಬ ಸಂಕಲನ, ತುಳಸಿ ಮತ್ತು ಶ್ಯಾಮ್ ನಿರ್ದೇಶನ. 1972ರ 'ದೋ ಗಜ್ ಜಮೀನ್ ಕೆ ನೀಚೆ'ಯಿಂದ ಶುರುವಾದ ಈ ಕೂಡುಕುಟುಂಬದ ಉದ್ಯಮ 1984ರ 'ಪುರಾನಾ ಮಂದಿರ್' ಹೊತ್ತಿಗೆ ಊರೂರಿಗೆ ತಲುಪಿತ್ತು. ಅವರ ನಂತರದವರು, ಅವರಿಗಿಂತ ಅಗ್ಗವಾಗಿ ಮಾಡಿದವರು, 2023ರ 'ಸಿನಿಮಾ ಮರತೇ ದಮ್ ತಕ್' ಎಂಬ ಸರಣಿಯಲ್ಲಿದ್ದಾರೆ. ಜೆ. ನೀಲಂ, ವಿನೋದ್ ತಲ್ವಾರ್, ದಿಲೀಪ್ ಗುಲಾಟಿ, ಕಿಶನ್ ಶಾ, ಈ ನಾಲ್ವರು ನಿರ್ದೇಶಕರನ್ನು ಸರಣಿಯವರು ಹುಡುಕಿ ತಂದು ಇನ್ನೊಂದು ಪುಟ್ಟ ಚಿತ್ರ ಮಾಡಿ ಎನ್ನುತ್ತಾರೆ. ವಾಸನ್ ಬಾಲಾ ರೂಪಿಸಿದ ಈ ಸರಣಿ ಅವರನ್ನು ಬರೀ ನೆನಪು ಹೇಳುವವರನ್ನಾಗಿ ಕೂರಿಸದೆ ಕೆಲಸಕ್ಕೆ ಹಚ್ಚಿತು. ಬೆಳಗಿನ ಆಟದಲ್ಲಿ ನಡುವೆ ಸೇರುತ್ತಿದ್ದ ಅಶ್ಲೀಲ ತುಣುಕುಗಳ, ಅಂದರೆ 'ಬಿಟ್'ಗಳ ವಿಚಾರವನ್ನೂ ಮುಚ್ಚುಮರೆಯಿಲ್ಲದೆ ಹೇಳಿತು. ಕರ್ನಾಟಕದ ಸಣ್ಣ ಊರುಗಳ ಟಾಕೀಸುಗಳಿಗೆ 'ಬಿಟ್' ಹೊಸ ಪದವೇನಲ್ಲ.

ಕನ್ನಡದ ಭಯಾನಕ ಚಿತ್ರಗಳ ಬಗ್ಗೆ ಇಂಥ ಕೆಲಸಕ್ಕೆ ಕೈಹಾಕುವವರಿದ್ದರೆ ಸಾಮಗ್ರಿ ಧಾರಾಳವಾಗಿದೆ. ಅನಂತನಾಗ್, ಲಕ್ಷ್ಮಿ ನಟಿಸಿದ 'ನಾ ನಿನ್ನ ಬಿಡಲಾರೆ' 1979ರದ್ದು. ಅದನ್ನು ನೋಡಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ ಒಂದು ತಲೆಮಾರೇ ಇದೆ. 1993ರಲ್ಲಿ ಉಪೇಂದ್ರ 'ಶ್!' ಮಾಡಿದರು. ಕಾಶೀನಾಥ್ ಗರಡಿಯಿಂದ ಬಂದವರಿಗೆ ಕಡಿಮೆ ದುಡ್ಡಿನಲ್ಲಿ ಚಿತ್ರ ಮುಗಿಸುವುದನ್ನು ಬೇರೆ ಹೇಳಿಕೊಡಬೇಕಿರಲಿಲ್ಲ. 2013ರಲ್ಲಿ '6-5=2' ಬಂತು. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಎಂಬ ನೆಪ, ಹೊಸಬರ ತಂಡ. ಬ್ಲೇರ್ ವಿಚ್ ಹಾಕಿದ ವೇಷ ಹದಿನಾಲ್ಕು ವರ್ಷ ತಡವಾಗಿ ನಮ್ಮ ಪಶ್ಚಿಮಘಟ್ಟ ಹತ್ತಿತು, ಚೆನ್ನಾಗಿಯೇ ಓಡಿತು, ಹಿಂದಿಗೂ ಹೋಯಿತು.

ಸಾಕ್ಷ್ಯಚಿತ್ರ ಮಾಡುವವರು ನಾಯಕರನ್ನೂ ನಿರ್ದೇಶಕರನ್ನೂ ಆಮೇಲೆ ನೋಡಿಕೊಳ್ಳಲಿ. ಅವರು ಟಿವಿಯಲ್ಲಿ ಬೇಕಾದಷ್ಟು ಮಾತಾಡಿದ್ದಾರೆ. ಮೊದಲು ಕೇಳಬೇಕಾದವರು ಸದ್ದು ಕೊಟ್ಟವರು. ತೆರೆಯ ಮೇಲೆ ಬಿಳಿ ಸೀರೆ ಉಟ್ಟವಳು ನಡೆದಾಗ ಕೇಳುವ ಗೆಜ್ಜೆ ಅವಳ ಕಾಲಿನದಲ್ಲ. ಕತ್ತಲ ಕೋಣೆಯಲ್ಲಿ ಪರದೆ ನೋಡುತ್ತ ಯಾರೋ ಕೈಯಲ್ಲಿ ಅಲ್ಲಾಡಿಸಿದ್ದು. ಬಾಗಿಲ ಕಿರುಗು, ನರಿಯ ಊಳು, ಗಾಳಿ, ಎಲ್ಲ ಹಾಗೆಯೇ. ಎಪ್ಪತ್ತು ಎಂಬತ್ತರ ದಶಕದ ಹೆಚ್ಚಿನ ಕನ್ನಡ ಚಿತ್ರಗಳ ಈ ಕೆಲಸ ಆಗುತ್ತಿದ್ದದ್ದು ಮದರಾಸಿನಲ್ಲಿ. ಆದ್ದರಿಂದ ಹುಡುಕುವವರು ಗಾಂಧಿನಗರಕ್ಕಿಂತ ಮೊದಲು ಕೋಡಂಬಾಕ್ಕಂ, ವಡಪಳನಿಯ ರೈಲು ಹಿಡಿಯಬೇಕು. ಸ್ವಲ್ಪ ತಮಿಳು ಬರುವವರನ್ನು ಜೊತೆಗೆ ಕರೆದೊಯ್ಯಬೇಕು, ಒಳ್ಳೆಯ ಮೈಕ್ ಒಂದನ್ನು ತೆಗೆದುಕೊಂಡು ಹೋಗಬೇಕು, ಮತ್ತು ಬೇಗ ಹೋಗಬೇಕು.